ಹಾಲು ಸಾಲದ ತಾಯಿ: ಇತಿಹಾಸ ಹೇಳುವುದೇನು?

ಬಾಣಂತಿಯ ಮನೆಯಲ್ಲಿ ಮಗು ಅತ್ತರೆ "ಇವಳಿಗೆ ಹಾಲೇ ಇಲ್ಲ" ಎಂದುಬಿಡುತ್ತೇವೆ. ಆ ಒಂದು ಮಾತಿಗೆ ತಾಯಿ ಕುಗ್ಗಿಹೋಗುತ್ತಾಳೆ. ಪ್ರವಾದಿ(ಸ)ರಿಗೆ ಹಾಲುಣಿಸಿದ ಹಲೀಮಾ(ರ)ರಿಗೂ ಒಮ್ಮೆ ಹಾಲು ಸಾಲದಾಗಿತ್ತು ಎಂಬುದು ನಮಗೆ ಮರೆತುಹೋಗಿದೆ.

ಬನೂ ಸಅದ್ ಗೋತ್ರದ ಹಲೀಮಾ ಮಕ್ಕಾಕ್ಕೆ ಹೊರಟದ್ದು ಬರಗಾಲದ ವರ್ಷ. ಎದೆಯಲ್ಲಿ ಹಾಲಿಲ್ಲದೆ ಅವರ ಸ್ವಂತ ಕೂಸು ಇರುಳಿಡೀ ಅಳುತ್ತಿತ್ತು, ಮುದಿ ಒಂಟೆಯ ಕೆಚ್ಚಲೂ ಬತ್ತಿತ್ತು ಎಂದು ಸೀರಾ ಗ್ರಂಥಗಳು ಹೇಳುತ್ತವೆ. ಅನಾಥ ಮುಹಮ್ಮದ್(ಸ)ರನ್ನು ಮಡಿಲಿಗೆತ್ತಿಕೊಂಡ ಬಳಿಕ ಅಲ್ಲಾಹನ ಬರಕತ್ ಇಳಿಯಿತು. ಇಬ್ಬರು ಮಕ್ಕಳೂ ಹೊಟ್ಟೆ ತುಂಬ ಕುಡಿದು ನಿದ್ರಿಸಿದರು. ಒಂಟೆಯೂ ಹಾಲು ಕೊಟ್ಟಿತು. ಹಲೀಮಾ ಮತ್ತು ಅವರ ಪತಿ ಕುಡಿದು ತಣಿದರು. ಆ ರಾತ್ರಿ ಕೂಸುಗಳ ಜೊತೆ ತಾಯಿಯ ಹೊಟ್ಟೆಯೂ ತುಂಬಿತ್ತು.

ಅಲ್ ಬಕರ ಅಧ್ಯಾಯದ 233ನೇ ವಚನ ಎರಡು ವರ್ಷಗಳ ಸ್ತನಪಾನದ ಬಗ್ಗೆ ಹೇಳುತ್ತಲೇ ತಾಯಿಯ ಅನ್ನ-ಬಟ್ಟೆಯ ಹೊಣೆಯನ್ನು ತಂದೆಯ ಮೇಲೆ ಹೊರಿಸುತ್ತದೆ. ಮಗುವಿನ ಕಾರಣಕ್ಕೆ ತಾಯಿಗೆ ತೊಂದರೆಯಾಗಬಾರದು ಎಂದೂ ಎಚ್ಚರಿಸುತ್ತದೆ. ಅಗತ್ಯವಿದ್ದರೆ ದಾದಿಯಿಂದ ಹಾಲುಣಿಸಲೂ ಅನುಮತಿಯಿದೆ.

ಖಲೀಫಾ ಉಮರ್(ರ) ಒಂದು ರಾತ್ರಿ ಮದೀನಾಕ್ಕೆ ಬಂದಿಳಿದ ವರ್ತಕರ ಬಿಡಾರಕ್ಕೆ ಕಾವಲು ನಿಂತಿದ್ದರು. ಒಂದು ಕೂಸು ಅಳು ನಿಲ್ಲಿಸಲಿಲ್ಲ. ವಿಚಾರಿಸಿದಾಗ, ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರೆ, ಅದಕ್ಕೇ ಬೇಗ ಹಾಲು ಬಿಡಿಸುತ್ತಿದ್ದೇನೆ ಎಂದಳು ತಾಯಿ. ಕಾರಣ ತಿಳಿಯುವ ಮೊದಲು ಅವರು ತಾಯಿಯನ್ನು ಗದರಿದ್ದರು. ಫಜ್ರ್ ನಮಾಝಿನಲ್ಲಿ ಅತ್ತರು. ಬಳಿಕ ಹುಟ್ಟಿದ ದಿನದಿಂದಲೇ ಭತ್ಯೆ ಎಂದು ನಿಯಮ ಬದಲಿಸಿದರು.

ಇಂದು ಬಾಣಂತಿಯ ನೆರವಿಗೆ ಪಂಪ್ ಕೂಡ ಇದೆ. 1854ರಲ್ಲೇ ಅಮೆರಿಕದಲ್ಲಿ ಇಂಥ ಉಪಕರಣಕ್ಕೆ ಪೇಟೆಂಟ್ ದೊರೆತಿತ್ತು. 1950ರ ದಶಕದಲ್ಲಿ ಸ್ವೀಡನ್ನಿನ ಐನಾರ್ ಎಗ್ನೆಲ್ ನೋವು ಕಡಿಮೆ ಮಾಡುವ ವಿದ್ಯುತ್ ಪಂಪ್ ರೂಪಿಸಿದರು. ಎದೆ ಬರಿದಾದಷ್ಟೂ ಹಾಲು ಹೆಚ್ಚು ಉತ್ಪತ್ತಿಯಾಗುತ್ತದೆ. ಮಗು ಚೀಪಲಾಗದಾಗ ಆ ಕೆಲಸ ಪಂಪ್ ಮಾಡುತ್ತದೆ. ಆದರೆ ಬಾಟಲಿಗೆ ಬಿದ್ದ ಹಾಲೇ ಎದೆಹಾಲಿನ ಅಳತೆಯಲ್ಲ. ಮಗು ಚೀಪಿದಾಗ ಹೆಚ್ಚು ಬರಬಹುದು. ಮಗುವಿನ ತೂಕ ಏರುತ್ತಿದೆಯೇ, ಚೆನ್ನಾಗಿ ಮೂತ್ರ ಮಾಡುತ್ತಿದೆಯೇ ಎಂದು ನೋಡಬೇಕು. ಇಲ್ಲವಾದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಮಗು ಅತ್ತಾಗ ಉಮರ್(ರ) ತಮ್ಮ ನಿಯಮದಲ್ಲೇ ತಪ್ಪು ಕಂಡುಕೊಂಡರು. ನಾವೂ ಬಾಣಂತಿಯತ್ತ ಬೆರಳು ತೋರಿಸುವ ಮೊದಲು ಕೇಳಿಕೊಳ್ಳೋಣ: ಅವಳು ಹೊಟ್ಟೆ ತುಂಬ ಉಂಡಳೇ? ಕಣ್ತುಂಬ ನಿದ್ರಿಸಿದಳೇ?