ಮೂಗಿನ ಪ್ರಾಚೀನ ಶಸ್ತ್ರಕರ್ಮದ ಉಪಕರಣಗಳು

ಭಾರತೀಯ ಶಸ್ತ್ರವೈದ್ಯದ ಚರಿತ್ರೆಯನ್ನು ಅರಸುವವರು ಸಾಮಾನ್ಯವಾಗಿ ಸುಶ್ರುತಸಂಹಿತೆಯಿಂದ ಮೊದಲುಮಾಡುತ್ತಾರೆ. ಆ ಗ್ರಂಥದಲ್ಲಿ 101 ಯಂತ್ರಗಳೂ 20 ಶಸ್ತ್ರಗಳೂ ಪರಿಗಣಿತವಾಗಿವೆ. ಆದರೆ ಕಡಿದುಹೋದ ಮೂಗನ್ನು ಮರಳಿ ಕಟ್ಟುವ ವಿಧಿಯಲ್ಲಿ ಎದ್ದುಕಾಣುವ ಸಾಧನಗಳು ತೀರ ಸರಳವಾದುವು: ಮೂಗಿನ ಅಳತೆಗೆ ಒಂದು ಎಲೆ, ಉಸಿರಿಗೆ ಎರಡು ನಾಳಗಳು. ಎಲೆಯ ಪ್ರಮಾಣದಲ್ಲಿ ಕೆನ್ನೆಯ ಚರ್ಮವನ್ನು ಬಿಡಿಸಿ ಮೂಗಿಗೆ ಕೂಡಿಸಬೇಕೆಂಬುದು ಅಲ್ಲಿನ ಕ್ರಮ.

ಈ ವಿದ್ಯೆಯ ಒಂದು ಪ್ರತ್ಯಕ್ಷ ಸಾಕ್ಷ್ಯವು ಮೈಸೂರಿನ ಚರಿತ್ರೆಯೊಡನೆ ಹೆಣೆದುಕೊಂಡಿದೆ. 1790–92ರ ಯುದ್ಧದಲ್ಲಿ ಆಂಗ್ಲರು, ಮರಾಠರು ಹಾಗೂ ಹೈದರಾಬಾದಿನ ನಿಜಾಮರು ಒಂದಾಗಿ ಟೀಪೂ ಸುಲ್ತಾನನನ್ನು ಎದುರಿಸಿದರು. ಆಂಗ್ಲ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್‌ಜೀ ಎಂಬ ಮರಾಠ ಬೇಸಾಯಗಾರನು ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಸುಮಾರು ಒಂದು ವರ್ಷದ ತರುವಾಯ, ಪುಣೆಯ ಬಳಿಯ ಇಟ್ಟಿಗೆ ಮಾಡುವ ಕುಲದವನೊಬ್ಬನು ಅವನಿಗೆ ಹೊಸ ಮೂಗನ್ನು ಕಟ್ಟಿಕೊಟ್ಟನು. ಈ ವೃತ್ತಾಂತವು 1794ರ ಅಕ್ಟೋಬರ್ ತಿಂಗಳಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಆ ಲೇಖನದಲ್ಲಿ ಎಲೆಯ ಸ್ಥಾನಕ್ಕೆ ಮೇಣದ ತೆಳುಹಲ್ಲೆ ಬಂದಿದೆ. ಅದನ್ನು ಮೂಗಿನ ಮೊಂಡಿನ ಮೇಲೆ ರೂಪಿಸಿ, ಚಪ್ಪಟೆಮಾಡಿ, ಹಣೆಯ ಮೇಲಿಟ್ಟು ಸುತ್ತಲೂ ಗೆರೆ ಎಳೆಯುತ್ತಿದ್ದರು. ಅಷ್ಟು ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಒಂದು ಎಳೆಯನ್ನು ಮಾತ್ರ ಕತ್ತರಿಸದೆ ಉಳಿಸುತ್ತಿದ್ದರು. ಹೊಸ ಮೂಗಿಗೆ ರಕ್ತ ಹರಿಯುತ್ತಿದ್ದುದು ಅದರಿಂದಲೇ. ಕೂಡಿಕೆಗೆ ನೀರಿನಲ್ಲಿ ಕಲಸಿದ ಕಾಚನ್ನು ಬಳಿದ ಬಟ್ಟೆಯ ಪಟ್ಟಿಗಳು, ನಾಲ್ಕು ದಿನಗಳ ಬಳಿಕ ತುಪ್ಪದಲ್ಲಿ ಅದ್ದಿದ ಬಟ್ಟೆ, ಹತ್ತನೆಯ ದಿನ ಹೊಳ್ಳೆಗಳು ಮುಚ್ಚದಂತೆ ಮೆತ್ತನೆಯ ಅರಿವೆಯ ತುಂಡುಗಳು. ಉಳಿಸಿದ ಎಳೆಯನ್ನು ಸುಮಾರು ಇಪ್ಪತ್ತೈದನೆಯ ದಿನ ಕತ್ತರಿಸುತ್ತಿದ್ದರು. ಬಳಸಿದ ಕತ್ತಿ ಯಾವುದೆಂಬ ಮಾತೇ ಅಲ್ಲಿಲ್ಲ. ಅಳೆಯುವ, ಅಂಟಿಸುವ, ಉಸಿರಿನ ದಾರಿಯನ್ನು ಕಾಯುವ ಸಾಮಗ್ರಿಗಳೇ ಈ ಶಸ್ತ್ರಕರ್ಮದ ಮುಖ್ಯ ಉಪಕರಣಗಳಾಗಿದ್ದುವೆಂಬುದು ಇದರಿಂದ ವಿಶದವಾಗುತ್ತದೆ. ಅವು ಯಾವ ಮನೆಯಲ್ಲಿಯೂ ದೊರೆಯುವಂಥವು, ಬಳಸಿದೊಡನೆ ನಾಶವಾಗುವಂಥವು.

ಲಂಡನ್ನಿನ ಜೋಸೆಫ್ ಕಾರ್ಪ್ಯೂ 1814ರಲ್ಲಿ ಇದೇ ಕ್ರಮವನ್ನನುಸರಿಸಿ ಯಶಸ್ವಿಯಾಗಿ, 1816ರಲ್ಲಿ ಅದನ್ನು ಗ್ರಂಥವಾಗಿ ಪ್ರಕಟಿಸಿದನು. ಯೂರೋಪಿನಲ್ಲಿ ಇದು 'ಭಾರತೀಯ ಪದ್ಧತಿ' ಎಂದು ಪ್ರಸಿದ್ಧವಾಯಿತು. ರೋಗಿಯ ಹೆಸರು ಉಳಿದಿದೆ. ಶಸ್ತ್ರಕರ್ಮವನ್ನು ಕಣ್ಣಾರೆ ಕಂಡ ಆಂಗ್ಲ ವೈದ್ಯರ ಹೆಸರುಗಳೂ ಉಳಿದಿವೆ. ಮಾಡಿದವನ ಕುಲವನ್ನು ಬರೆದವರು ಅವನ ಹೆಸರನ್ನು ಬರೆಯಲಿಲ್ಲ. ಆದುದರಿಂದ ನಮ್ಮ ವೈದ್ಯಚರಿತ್ರೆಯನ್ನು ಶೋಧಿಸುವವರು ವಸ್ತುಸಂಗ್ರಹಾಲಯಗಳ ಲೋಹದ ಶಸ್ತ್ರಗಳಲ್ಲಿಯೇ ನಿಲ್ಲದೆ, ಕುಲಕಸುಬುಗಳ ನೆನಪುಗಳಲ್ಲಿಯೂ ಮನೆಮದ್ದಿನ ಕಡತಗಳಲ್ಲಿಯೂ ಹುಡುಕುವುದು ಅವಶ್ಯಕ.