ಹಳೆಯ ಮೋಟಾರ್‌ಸೈಕಲ್‌ನ ಚಾರ್ಜಿಂಗ್ ವ್ಯವಸ್ಥೆಯ ದೋಷಪತ್ತೆ

ಎಂಜಿನ್ ಓಡುತ್ತಿರುವಾಗ ವಿದ್ಯುತ್ತನ್ನು ಉತ್ಪಾದಿಸಿ ದೀಪ, ಹಾರ್ನ್, ಇಗ್ನಿಷನ್ ಮೊದಲಾದವುಗಳಿಗೆ ಒದಗಿಸುವ ಹಾಗೂ ಉಳಿದುದನ್ನು ಬ್ಯಾಟರಿಗೆ ತುಂಬುವ ಭಾಗಗಳ ಸಮೂಹವನ್ನು ಮೋಟಾರ್‌ಸೈಕಲ್‌ನ ಚಾರ್ಜಿಂಗ್ ವ್ಯವಸ್ಥೆ ಎಂದು ಕರೆಯುತ್ತಾರೆ. ಇದು ಕೆಟ್ಟಾಗ ಮೊದಲು ಕಾಣುವ ಲಕ್ಷಣ ಬ್ಯಾಟರಿ ಪದೇ ಪದೇ ಇಳಿದುಹೋಗುವುದು. ಹೊಸ ಬ್ಯಾಟರಿ ಹಾಕಿಸಿದರೆ ಕೆಲವು ದಿನ ಎಲ್ಲವೂ ಸರಿಹೋದಂತೆ ತೋರಿ, ಅದೇ ತೊಂದರೆ ಮರುಕಳಿಸುತ್ತದೆ. ಆದ್ದರಿಂದ ಯಾವುದೇ ಭಾಗವನ್ನು ಬದಲಿಸುವ ಮೊದಲು ಮಲ್ಟಿಮೀಟರ್‌ನಿಂದ ಕ್ರಮವಾಗಿ ಅಳತೆ ಮಾಡುವುದು ಅಗತ್ಯ. ಹಲವರ ಕೈ ದಾಟಿ ಬಂದ ವಾಹನದಲ್ಲಿ ಹಿಂದಿನವರು ಮಾಡಿದ ತಂತಿ ಜೋಡಣೆಯೂ ಸೇರಿಕೊಂಡಿರುವುದರಿಂದ ಊಹೆಯಿಂದ ಮಾಡಿದ ರಿಪೇರಿ ದುಬಾರಿಯಾಗುತ್ತದೆ.

ರಚನೆ

12 ವೋಲ್ಟ್‌ನ ಅನೇಕ ವಾಹನಗಳಲ್ಲಿ ಕ್ರ್ಯಾಂಕ್ ಶಾಫ್ಟ್‌ನ ತುದಿಗೆ ಕಾಂತಗಳಿರುವ ರೋಟರ್, ಅದರೊಳಗೆ ತಾಮ್ರದ ತಂತಿ ಸುತ್ತಿದ ಸ್ಟೇಟರ್ ಇರುತ್ತವೆ. ಸ್ಟೇಟರ್‌ನಲ್ಲಿ ಉಂಟಾಗುವ ಎ.ಸಿ. ವಿದ್ಯುತ್ತನ್ನು ರೆಗ್ಯುಲೇಟರ್-ರೆಕ್ಟಿಫೈಯರ್ ಡಿ.ಸಿ.ಯಾಗಿ ಪರಿವರ್ತಿಸಿ, ಅದರ ವೋಲ್ಟೇಜನ್ನು ಮಿತಿಯಲ್ಲಿಡುತ್ತದೆ. ಗ್ಯಾರೇಜುಗಳಲ್ಲಿ ಇದಕ್ಕೆ ಆರ್.ಆರ್. ಯೂನಿಟ್ ಎನ್ನುವ ರೂಢಿಯಿದೆ. ಷಂಟ್ ಮಾದರಿಯ ಯೂನಿಟ್ ಹೆಚ್ಚುವರಿ ವಿದ್ಯುತ್ತನ್ನು ಸ್ಟೇಟರ್‌ನಲ್ಲಿಯೇ ಷಾರ್ಟ್ ಮಾಡುವುದರಿಂದ ಎರಡೂ ಕಾಯುತ್ತವೆ. ಗಾಳಿ ತಾಗದ ಕಡೆ ಅಳವಡಿಸಿದ ಯೂನಿಟ್ ಬೇಗ ಕೆಡಲು ಇದೇ ಕಾರಣ.

ಪರೀಕ್ಷೆಯ ಕ್ರಮ

ಮೊದಲ ಪರೀಕ್ಷೆ ಬ್ಯಾಟರಿಯದು. ಚಾರ್ಜ್ ಮಾಡಿ ಕೆಲವು ಗಂಟೆ ಹಾಗೆಯೇ ಬಿಟ್ಟ ಆರೋಗ್ಯವಂತ ಲೆಡ್-ಆಸಿಡ್ ಬ್ಯಾಟರಿ 12.6ರಿಂದ 12.8 ವೋಲ್ಟ್ ತೋರಿಸಬೇಕು. ಸೆಲ್ಫ್ ಒತ್ತಿದಾಗ 9.5 ವೋಲ್ಟ್‌ಗಿಂತ ಕೆಳಗೆ ಕುಸಿದರೆ ಆ ಬ್ಯಾಟರಿಯನ್ನು ಇಟ್ಟುಕೊಂಡು ಮುಂದಿನ ಅಳತೆಗಳನ್ನು ಮಾಡುವುದರಲ್ಲಿ ಅರ್ಥವಿಲ್ಲ.

ಎರಡನೆಯದಾಗಿ ಎಂಜಿನ್ ಚಾಲೂ ಮಾಡಿ ಬ್ಯಾಟರಿಯ ಟರ್ಮಿನಲ್‌ಗಳ ನಡುವೆಯೇ ಅಳೆಯಬೇಕು. ಎಂಜಿನ್ ನಿಮಿಷಕ್ಕೆ ಸುಮಾರು 5000 ಸುತ್ತು ತಿರುಗುವಾಗ 13.5ರಿಂದ 14.5 ವೋಲ್ಟ್ ಬಂದರೆ ವ್ಯವಸ್ಥೆ ಸಾಮಾನ್ಯವಾಗಿ ಸರಿಯಿದೆ ಎಂದು ತಿಳಿಯಬಹುದು. ಎಂಜಿನ್ ನಿಂತಿದ್ದಾಗಿನ ಅಳತೆಗಿಂತ ಏರದಿದ್ದರೆ ಚಾರ್ಜ್ ಆಗುತ್ತಿಲ್ಲ. 15 ವೋಲ್ಟ್ ದಾಟಿದರೆ ರೆಗ್ಯುಲೇಟರ್ ಕೆಟ್ಟಿರುವ ಸಂಭವ ಹೆಚ್ಚು. ಆಗ ಬ್ಯಾಟರಿಯ ನೀರು ಬತ್ತುತ್ತದೆ, ಬಲ್ಬುಗಳು ಒಂದರ ಹಿಂದೊಂದು ಸುಡುತ್ತವೆ, ಹೊರಬೀಳುವ ಹೈಡ್ರೋಜನ್ ಅನಿಲಕ್ಕೆ ಕಿಡಿ ತಗಲಿದರೆ ಸ್ಫೋಟವೂ ಆಗಬಹುದು. ಚಾರ್ಜ್ ಆಗುತ್ತಿದೆಯೇ ಎಂದು ನೋಡಲು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ತಂತಿ ಕಳಚುವ ಹಳೆಯ ಅಭ್ಯಾಸ ಇನ್ನೂ ಕೆಲವೆಡೆ ಉಳಿದಿದೆ. ಅದರಿಂದ ರೆಗ್ಯುಲೇಟರ್ ಮತ್ತು ಸಿ.ಡಿ.ಐ. ಎರಡೂ ಹಾಳಾಗಬಹುದಾದ್ದರಿಂದ ಹಾಗೆ ಮಾಡಬಾರದು.

ಚಾರ್ಜ್ ಬರದಿದ್ದಾಗಲೂ ಬೆಲೆಬಾಳುವ ಭಾಗಗಳಿಗೆ ಹೋಗುವ ಮುನ್ನ ಕಪ್ಲರ್‌ಗಳನ್ನು ಬಿಚ್ಚಿ ನೋಡುವುದು ಉಚಿತ. ಕಂದು ಬಣ್ಣಕ್ಕೆ ತಿರುಗಿದ ಅಥವಾ ಕರಗಿದ ಪ್ಲಾಸ್ಟಿಕ್, ಹಸಿರುಗಟ್ಟಿದ ಪಿನ್ನು, ತುಕ್ಕು ಹಿಡಿದ ಅರ್ತ್ ಬೋಲ್ಟು, ಇವುಗಳಿಂದಲೇ ಎಷ್ಟೋ ವಾಹನಗಳು ನಿಂತಿರುತ್ತವೆ. ಎಂಜಿನ್ ಓಡುವಾಗ ಯೂನಿಟ್‌ನ ಧನ ತಂತಿಗೂ ಬ್ಯಾಟರಿಯ ಧನ ಟರ್ಮಿನಲ್‌ಗೂ ನಡುವೆ 0.3 ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ನಡುವಿನ ಜೋಡಣೆಯಲ್ಲಿ ತಡೆಯಿದೆ ಎಂದರ್ಥ. ಅರ್ತ್ ಕಡೆಯನ್ನೂ ಹೀಗೆಯೇ ಪರೀಕ್ಷಿಸಬೇಕು.

ಅನಂತರದ್ದು ಸ್ಟೇಟರ್. ಮೂರು ಫೇಸಿನ ಸ್ಟೇಟರ್‌ನಿಂದ ಒಂದೇ ಬಣ್ಣದ, ಹೆಚ್ಚಾಗಿ ಹಳದಿಯ, ಮೂರು ತಂತಿಗಳು ಬರುತ್ತವೆ. ಎಂಜಿನ್ ನಿಲ್ಲಿಸಿ ಕಪ್ಲರ್ ಕಳಚಿ, ಎರಡೆರಡು ತಂತಿಗಳ ನಡುವಿನ ರೋಧವನ್ನು ಅಳೆದರೆ ಮೂರು ಜೋಡಿಗಳಲ್ಲಿಯೂ ಸಮಾನವಾದ, ಸಾಮಾನ್ಯವಾಗಿ ಒಂದು ಓಮ್‌ಗೂ ಕಡಿಮೆಯಾದ ಅಳತೆ ಸಿಗಬೇಕು. ಯಾವ ತಂತಿಗೂ ಎಂಜಿನ್ ಬಾಡಿಯೊಡನೆ ಸಂಪರ್ಕ ಇರಕೂಡದು. ಇಷ್ಟು ಸಾಲದು, ಕಾದಾಗ ಮಾತ್ರ ಕೆಡುವ ಸುರುಳಿಗಳೂ ಉಂಟು. ಆದ್ದರಿಂದ ಎಂಜಿನ್ ಬಿಸಿಯಾದ ಮೇಲೆ, ಕಪ್ಲರ್ ಕಳಚಿದ ಸ್ಥಿತಿಯಲ್ಲಿಯೇ, ಪ್ರತಿ ಜೋಡಿಯ ಎ.ಸಿ. ವೋಲ್ಟೇಜ್ ಅಳೆಯಬೇಕು. ಆ ವೋಲ್ಟೇಜ್ ಹತ್ತಾರು ವೋಲ್ಟ್‌ಗಳಷ್ಟಿದ್ದು ಎಂಜಿನ್ ವೇಗದೊಂದಿಗೆ ಏರಬೇಕು. ನಿಖರ ಮೊತ್ತಕ್ಕಿಂತ ಮೂರೂ ಸಮನಾಗಿರುವುದು ಮುಖ್ಯ. ಮೂರೂ ಸಮನಾಗಿದ್ದು ಜೋಡಣೆಯೂ ಸರಿಯಿದ್ದರೆ ದೋಷ ಆರ್.ಆರ್. ಯೂನಿಟ್‌ನಲ್ಲಿದೆ. ಸ್ಟೇಟರ್ ಸುಟ್ಟಿದ್ದರೆ ಅದನ್ನು ಮರುಸುತ್ತಿಸುವುದರ ಜೊತೆಗೆ ಯೂನಿಟ್ಟನ್ನೂ ಪರೀಕ್ಷಿಸಬೇಕು, ಇಲ್ಲವಾದಲ್ಲಿ ಹೊಸ ಸುರುಳಿಯೂ ಸುಡಬಹುದು.

ಚಾರ್ಜಿಂಗ್ ಸರಿಯಿದ್ದರೂ ರಾತ್ರಿ ಬೆಳಗಾಗುವುದರೊಳಗೆ ಬ್ಯಾಟರಿ ಇಳಿದರೆ, ಕೀಲಿ ತೆಗೆದ ಸ್ಥಿತಿಯಲ್ಲಿ ಋಣ ತಂತಿಗೆ ಸರಣಿಯಾಗಿ ಮೀಟರ್ ಇಟ್ಟು ಸೋರಿಕೆಯನ್ನು ನೋಡಬೇಕು. ಹಳೆಯ ವಾಹನದಲ್ಲಿ ಅದು ಕೆಲವು ಮಿಲಿಆಂಪಿಯರ್ ಮೀರಬಾರದು.

ಕೆಲವು ಹಳೆಯ ಸಣ್ಣ ವಾಹನಗಳಲ್ಲಿ ಹೆಡ್‌ಲೈಟ್ ಬ್ಯಾಟರಿಯನ್ನು ಅವಲಂಬಿಸದೆ ನೇರವಾಗಿ ಎ.ಸಿ.ಯಿಂದ ಉರಿಯುತ್ತದೆ. ಅಲ್ಲಿ ಆಕ್ಸಿಲರೇಟರ್ ತಿರುವಿದಂತೆ ಬೆಳಕು ಹೆಚ್ಚುವುದು ದೋಷವಲ್ಲ.

6 ವೋಲ್ಟ್ ಡೈನಮೋ ವಾಹನಗಳು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ಡಿ ವಾಹನಗಳ ಪೈಕಿ ಹಳೆಯ ಮಾದರಿಗಳಲ್ಲಿ 6 ವೋಲ್ಟ್‌ನ ಡಿ.ಸಿ. ಡೈನಮೋ ಇದೆ. ಇವುಗಳಿಗೆ ಮೇಲಿನ ಅಂಕಿಗಳು ಅನ್ವಯಿಸುವುದಿಲ್ಲ: ತುಂಬಿದ ಬ್ಯಾಟರಿ ಸುಮಾರು 6.3 ವೋಲ್ಟ್, ಚಾರ್ಜ್ ಆಗುವಾಗ ಸುಮಾರು 7 ವೋಲ್ಟ್ ತೋರಿಸುತ್ತದೆ. ಕೀಲಿ ತಿರುಗಿಸಿದಾಗ ಹೊತ್ತುವ ಕೆಂಪು ದೀಪ ಎಂಜಿನ್ ವೇಗ ಪಡೆದೊಡನೆ ಆರಬೇಕು. ಆರದಿದ್ದರೆ ಸವೆದ ಕಾರ್ಬನ್ ಬ್ರಷ್, ಕೊಳೆಯಾದ ಕಮ್ಯುಟೇಟರ್, ಅಂಟಿಕೊಂಡ ಕಟೌಟ್, ಈ ಕ್ರಮದಲ್ಲಿ ನೋಡಬೇಕು. ಕೀಲಿ ತಿರುಗಿಸಿದಾಗ ದೀಪ ಹೊತ್ತಲೇ ಇಲ್ಲವೆಂದರೆ ಬಲ್ಬು ಸುಟ್ಟಿರಬಹುದು, ಇಲ್ಲವೇ ಬ್ರಷ್ ಕಮ್ಯುಟೇಟರಿಗೆ ತಾಗುತ್ತಿಲ್ಲದಿರಬಹುದು. ವರ್ಷಗಟ್ಟಲೆ ನಿಂತ ವಾಹನದ ಡೈನಮೋ ಉಳಿಕೆ ಕಾಂತತ್ವವನ್ನು ಕಳೆದುಕೊಂಡಿದ್ದರೆ, ಫೀಲ್ಡ್ ಸುರುಳಿಗೆ ಬ್ಯಾಟರಿಯಿಂದ ಕ್ಷಣಕಾಲ ಸರಿಯಾದ ದಿಕ್ಕಿನಲ್ಲಿ ವಿದ್ಯುತ್ ಹಾಯಿಸಿ ಅದನ್ನು ಮರಳಿ ತರಬಹುದು. ಈ ವಾಹನಗಳಲ್ಲಿ ಇಗ್ನಿಷನ್ ಕೂಡ ಬ್ಯಾಟರಿಯಿಂದಲೇ ನಡೆಯುತ್ತದೆ. ಕೆಂಪು ದೀಪವನ್ನು ಲೆಕ್ಕಿಸದೆ ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ಹೊರಟರೆ, ಮೊದಲು ಬೆಳಕು ಮಂಕಾಗಿ ನಂತರ ಎಂಜಿನ್ ತಾನಾಗಿಯೇ ನಿಲ್ಲುತ್ತದೆ.