ಅಗ್ರಿಗೇಟ್ ಡಿವೈಸ್

ಅಗ್ರಿಗೇಟ್ ಡಿವೈಸ್ ಎಂಬುದು ಆಪಲ್‌ನ ಮ್ಯಾಕ್ ಗಣಕಗಳಲ್ಲಿ ಎರಡು ಅಥವಾ ಹೆಚ್ಚು ಆಡಿಯೋ ಇಂಟರ್‌ಫೇಸ್‌ಗಳನ್ನು ಒಂದೇ ಸಾಧನವೆಂಬಂತೆ ಬಳಸುವ ಸೌಲಭ್ಯ. 2005ರಲ್ಲಿ ಬಿಡುಗಡೆಯಾದ ಮ್ಯಾಕ್ ಓಎಸ್ ಟೆನ್ 10.4 ಆವೃತ್ತಿಯಲ್ಲಿ ಇದು ಸೇರ್ಪಡೆಯಾಯಿತು. ಆಡಿಯೋ ಮಿಡಿ ಸೆಟಪ್ ಎಂಬ ತಂತ್ರಾಂಶದಲ್ಲಿ ಇದನ್ನು ರಚಿಸಲಾಗುತ್ತದೆ.

ಪ್ರತಿ ಇಂಟರ್‌ಫೇಸ್‌ಗೂ ತನ್ನದೇ ಸ್ಫಟಿಕ ಗಡಿಯಾರವಿರುತ್ತದೆ. ಎರಡನ್ನೂ 48,000 ಹರ್ಟ್ಸ್‌ಗೆ ಹೊಂದಿಸಿದರೂ ಅವುಗಳ ವೇಗ ನಿಖರವಾಗಿ ಒಂದೇ ಆಗಿರುವುದಿಲ್ಲ. ಹತ್ತು ಲಕ್ಷಕ್ಕೆ 10ರಷ್ಟು ವ್ಯತ್ಯಾಸವಿದ್ದರೂ ಗಂಟೆಯೊಂದರಲ್ಲಿ 36 ಮಿಲಿಸೆಕೆಂಡುಗಳ ಅಂತರ ಉಂಟಾಗುತ್ತದೆ. ಗಾಯನವನ್ನು ಒಂದರಲ್ಲಿ, ತಾಳವಾದ್ಯವನ್ನು ಇನ್ನೊಂದರಲ್ಲಿ ಮುದ್ರಿಸಿದವರಿಗೆ ಇದು ಅಲ್ಪವಲ್ಲ. ಧ್ವನಿಯ ನಡುವೆ ಚಿಟಪಟ ಸದ್ದೂ ಕೇಳಿಬರಬಹುದು. ಆದ್ದರಿಂದ ಒಂದನ್ನು ಪ್ರಧಾನ ಗಡಿಯಾರವಾಗಿ ಆರಿಸಿ, ಉಳಿದವುಗಳಿಗೆ ಡ್ರಿಫ್ಟ್ ಕರೆಕ್ಷನ್ ಆಯ್ಕೆಯನ್ನು ಸಕ್ರಿಯಗೊಳಿಸಬೇಕು. ವರ್ಡ್ ಕ್ಲಾಕ್ ಕೇಬಲ್ಲಿನಿಂದ ಸಾಧನಗಳನ್ನು ಜೋಡಿಸಲು ಸಾಧ್ಯವಿದ್ದಲ್ಲಿ ಅದೇ ಹೆಚ್ಚು ವಿಶ್ವಾಸಾರ್ಹ.

ವಿಂಡೋಸ್‌ನಲ್ಲಿ ಬಹುತೇಕ ಧ್ವನಿಮುದ್ರಣ ತಂತ್ರಾಂಶಗಳು ಒಮ್ಮೆಗೆ ಒಂದೇ ಆಸಿಯೋ ಡ್ರೈವರನ್ನು ಬಳಸುತ್ತವೆ.